ಗೋಡೆ ಬಿಟ್ಟು ಮಿಕ್ಕ ಮನೆ

ನಮ್ಮ ಚಿಕ್ಕಮ್ಮ ಪರದೇಶದಲ್ಲಿ ಮನೆ ಕೊಂಡದ್ದು ಒಂದು ಮೊಳೆ ಹೊಡೆಯುವುದಕ್ಕೆ. ತವರಿನಿಂದ ಬಂದ ಲೋಲಕದ ಗಡಿಯಾರವೊಂದಿತ್ತು. ತೂಗುಹಾಕಿದರೆ ಮಾತ್ರ ನಡೆಯುವ ಜಾತಿ, ಮಲಗಿಸಿದರೆ ಮಲಗಿಯೇ ಬಿಡುತ್ತಿತ್ತು. ಮದುವೆಯಾದಾಗಿನಿಂದ ಅದು ಹಳೇ ಸೀರೆ ಸುತ್ತಿಕೊಂಡು ಟ್ರಂಕಿನಲ್ಲಿ ನಿದ್ದೆ ಹೊಡೆಯುತ್ತಿತ್ತು. ಯಾವ ಬಾಡಿಗೆ ಮನೆಯ ಮಾಲೀಕನೂ ಮೊಳೆಗೆ ಒಪ್ಪಿದವನಲ್ಲ.

ಲಿಫ್ಟ್ ರಿಪೇರಿ ಮಾಡುವ ಚಿಕ್ಕಪ್ಪನಿಗೆ ಆ ಮಾಲೀಕರೆಲ್ಲ ಬಾಯಿಪಾಠ. ಹೊಟ್ಟೆ ಮುಂದೆ ಮಾಡಿ, ಅವರ ಹಾಗೆಯೇ ಮೂಗಿನಲ್ಲಿ ರಾಗ ಎಳೆದು ತೋರಿಸುತ್ತಿದ್ದರು: "ನೋಡೀಪ್ಪಾ, ಗೋಡೆ ಅಂದ್ರೆ ನನ್ನ ಮೈ ಇದ್ದ ಹಾಗೆ. ನಿಮ್ಮ ಮೈಗೆ ಮೊಳೆ ಹೊಡೆದ್ರೆ ಸುಮ್ನಿರ್ತೀರಾ?"

ಚಿಕ್ಕಮ್ಮ ನಕ್ಕು ಸುಸ್ತಾಗುತ್ತಿದ್ದರು. ಆಮೇಲೆ ಟ್ರಂಕಿನ ಕಡೆ ನೋಡುತ್ತಿದ್ದರು.

ಕೊನೆಗೂ ಎರಡು ಕೋಣೆಯ ಫ್ಲ್ಯಾಟ್ ಅವರ ಹೆಸರಿಗಾಯಿತು. ಚಿಕ್ಕಮ್ಮ ಮೊದಲು ಒಳಗೆ ತಂದದ್ದು ಸುತ್ತಿಗೆ. ಗೋಡೆಗೆ ಮೊಳೆ ಇಟ್ಟು ಕೈ ಎತ್ತಿದರು.

"ಅಯ್ಯಯ್ಯೋ, ಬೇಡಮ್ಮಾ!" ಮನೆ ಕೊಡಿಸಿದ ದಲ್ಲಾಳಿ, ನಮ್ಮ ಭಾಷೆಯವನೇ, ಓಡಿಬಂದ. "ಇಲ್ಲಿ ಗೋಡೆ ನಿಮ್ಮದಲ್ಲ. ಕಟ್ಟಡದ ಸಂಘದ್ದು. ಸೂರು, ಕಿಟಕಿ ಎಲ್ಲಾ ಅವರದೇ. ವರ್ಷಕ್ಕೊಂದ್ಸಲ ಬಂದು ಗೋಡೆ ತಡವಿ ನೋಡ್ತಾರೆ. ತೂತು ಕಂಡ್ರೆ ಗ್ರಹಚಾರ ಬಿಡಿಸ್ತಾರೆ."

"ಮತ್ತೆ ನಾವು ಕೊಂಡಿದ್ದೇನಪ್ಪಾ?"

ದಲ್ಲಾಳಿ ಎರಡೂ ಕೈ ಅಗಲಿಸಿ ಕೋಣೆಯ ನಡುಭಾಗ ತೋರಿಸಿದ. "ಇದು."

"ಗಾಳಿ ಕೊಡಿಸಿದೀರಿ ಅನ್ನಿ," ಎಂದರು ಚಿಕ್ಕಪ್ಪ. "ಉಸಿರಾಡಬಹುದೋ, ಅದಕ್ಕೂ ಸಂಘದ ಅಪ್ಪಣೆ ಬೇಕೋ?"

ಈ ಸಲ ಚಿಕ್ಕಮ್ಮ ನಗಲಿಲ್ಲ. ಗಡಿಯಾರ ಮತ್ತೆ ಸೀರೆ ಸುತ್ತಿಕೊಂಡಿತು.

ಒಂದು ಕೋಣೆ ಸುಮ್ಮನೆ ಬಿದ್ದಿತ್ತು. ನಮ್ಮ ಕಡೆಯ ನರ್ಸ್ ಒಬ್ಬಳನ್ನು ದಲ್ಲಾಳಿಯೇ ಬಾಡಿಗೆಗೆ ಕರೆತಂದ. ಬರುವಾಗಲೇ ಎಚ್ಚರಿಕೆ ಕೊಟ್ಟ: "ಇಲ್ಲಿ ಕಾನೂನು ಬಾಡಿಗೆಯವರ ಪರ. ಇವರು ಕರೆಯದೆ ಈ ಕೋಣೆಗೆ ಯಾರೂ ಕಾಲಿಡೋ ಹಾಗಿಲ್ಲ."

"ಸಂಘದವರು?" ಚಿಕ್ಕಮ್ಮನ ಕಿವಿ ನೆಟ್ಟಗಾಯಿತು.

"ಅವರೂ ಇಲ್ಲ. ನೀವೂ ಇಲ್ಲ."

ನರ್ಸ್ ತನ್ನ ಅಮ್ಮನ ಫೋಟೋ ಹಿಡಿದು ಸಂಕೋಚದಿಂದ ಕೇಳಿದಳು: "ಆಂಟಿ, ಒಂದು ಮೊಳೆ ಹೊಡ್ಕೊಳ್ಲಾ?"

ಚಿಕ್ಕಪ್ಪನ ಹೊಟ್ಟೆ ತಾನಾಗಿಯೇ ಮುಂದೆ ಬಂತು. "ನೋಡಮ್ಮಾ, ಗೋಡೆ ಅಂದ್ರೆ..." ಎಂದು ರಾಗ ಎಳೆದರು. ಅಣಕವೋ ಅಸಲೋ ಅವರಿಗೇ ತಿಳಿಯಲಿಲ್ಲ.

"ರೀ, ನೀವು ಸುಮ್ನಿರಿ." ಚಿಕ್ಕಮ್ಮ ಸುತ್ತಿಗೆ ತಂದು ಅವಳ ಕೈಗಿಟ್ಟರು. "ಹೊಡಿಯಮ್ಮಾ. ಹಾಗೇ ಇನ್ನೊಂದೂ ಹೊಡಿ, ಸ್ವಲ್ಪ ಗಟ್ಟಿಯಾಗಿ. ನಂದೊಂದು ಗಡಿಯಾರ ಇದೆ."

"ಅವಳು ಖಾಲಿ ಮಾಡಿದ ದಿನ ಸಂಘದವರು ಬರ್ತಾರಲ್ಲೇ?" ಚಿಕ್ಕಪ್ಪ ಪಿಸುಗುಟ್ಟಿದರು.

"ಖಾಲಿ ಮಾಡೋಕೆ ಬಿಟ್ರೆ ತಾನೇ?"

ಅಂದಿನಿಂದ ನರ್ಸಿಗೆ ರಾಜೋಪಚಾರ. ಅವಳು ಸೀನಿದರೆ ಚಿಕ್ಕಮ್ಮ ಕಷಾಯ ಹಿಡಿದು ನಿಲ್ಲುತ್ತಾರೆ. ಬೇರೆ ಮನೆಯ ಮಾತೆತ್ತಿದರೆ ಇವರಿಗೇ ಜ್ವರ ಬರುತ್ತದೆ.

ಗಡಿಯಾರವೇನೋ ಗೋಡೆಯಾಚೆ ಚೆನ್ನಾಗಿ ನಡೆಯುತ್ತಿದೆ. ಗಂಟೆ ಹೊಡೆದಾಗ ಚಿಕ್ಕಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಎಣಿಸುತ್ತಾರೆ. ವಾರಕ್ಕೊಮ್ಮೆ ಅದಕ್ಕೆ ಕೀ ಕೊಡಬೇಕು. ಆಗ ಸೆರಗು ಸರಿಮಾಡಿಕೊಂಡು ಹೋಗಿ ಬಾಗಿಲು ತಟ್ಟುತ್ತಾರೆ.

"ಯಾರು?"

"ನಾನಮ್ಮಾ, ಓನರು. ಒಳಗೆ ಬರಬಹುದಾ?"

"ಒಂದ್ನಿಮಿಷ ಆಂಟಿ, ತಲೆ ಬಾಚ್ಕೋತಿದೀನಿ."

"ನಿಧಾನಕ್ಕೆ ಬಾಚ್ಕೋ ಕಂದಾ," ಎನ್ನುತ್ತಾ ಚಿಕ್ಕಮ್ಮ, ಕೀ ಹಿಡಿದುಕೊಂಡು, ತಾವು ಕೊಂಡ ಗಾಳಿಯಲ್ಲಿ ನಿಂತಿರುತ್ತಾರೆ.