ಮೊದಲ ಮೂರು ದಿನದ ಉಸಿರು

ಆ ಜಿನ್ನಿಂಗ್ ಮಿಲ್ಲಿನಿಂದ ಹೊರಗೆ ಬರುವ ಹೆಂಗಸರ ಹುಬ್ಬು ಬೆಳ್ಳಗಿರುತ್ತವೆ. ಇಪ್ಪತ್ತರ ಹುಡುಗಿಗೂ ಬೆಳ್ಳಗೆ, ಅರವತ್ತರ ಮುದುಕಿಗೂ ಬೆಳ್ಳಗೆ. ಅರಳೆಯ ನವಿರು ಕೂದಲಿಗೆ, ಕಿವಿಗೆ ಮೆತ್ತಿಕೊಂಡು ಮೂಗಿನಿಂದ ಒಳಗೂ ಇಳಿಯುತ್ತದೆ. ಬೀಜ ಬಿಡಿಸುವ ಯಂತ್ರ ಹದಿನೆಂಟು, ಕಿಟಕಿ ಎರಡೇ ಎರಡು. ಗಾಳಿಗೆ ಅರಳೆ ಹಾರಿಹೋದೀತೆಂದು ಅವನ್ನೂ ಮುಚ್ಚಿರುತ್ತಾರೆ. ಸೆರಗನ್ನು ಮೂಗಿಗೆ ಸುತ್ತಿಕೊಂಡು ಹತ್ತು ತಾಸು ನಿಂತರೆ ಸಂಜೆಗೆ ಉಗುಳೂ ಬೆಳ್ಳಗೆ ಬರುತ್ತದೆ. ಧೂಳು ಇಳಿಯಲೆಂದು ಮಧ್ಯಾಹ್ನ ಒಬ್ಬೊಬ್ಬರಿಗೆ ಒಂದು ಚೂರು ಬೆಲ್ಲ ಕೊಡುತ್ತಾರೆ. ಅಲ್ಲಿನ ಡಾಕ್ಟರು, ಔಷಧಿ ಎಲ್ಲ ಆ ಬೆಲ್ಲವೇ.

ಮಿಲ್ಲು ಧಾರವಾಡದ ಹೊರಗಿದೆ. ಮಾಲೀಕ ಬಸವಕಿರಣನ ಮನೆ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ. ಹೆಂಗಸರು ಉಪ್ಪಿನಬೆಟಗೇರಿಯಿಂದ ಎರಡು ಟೆಂಪೋಗಳಲ್ಲಿ ಬರುತ್ತಾರೆ, ನಲವತ್ತೊಂದು ಜನ. ನಾನು ಗುರುಶಿದ್ದಪ್ಪ, ಧಾರವಾಡದ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಟೆಂಡರ್. ಇಪ್ಪತ್ತಾರು ವರ್ಷ ಗಾಜಿನ ಸಾಮಾನು ತೊಳೆದವನು. ಮಿಲ್ಲಿನ ಕಥೆ ಇವನಿಗೇಕೆ ಎಂದು ನೀವು ಕೇಳಬಹುದು. ಇದರಲ್ಲಿ ನನ್ನದೂ ಪಾಲಿದೆ, ಮುಚ್ಚಿಡುವುದಿಲ್ಲ.

ಹೋದ ವರ್ಷ ನಮ್ಮ ಕಾಲೇಜಿನಲ್ಲಿ ಹೊಸ ಪದ್ಧತಿ ಬಂತು. ಪದವಿಯ ಕೊನೆಯ ವರ್ಷದ ಹನ್ನೆರಡು ವಿದ್ಯಾರ್ಥಿಗಳನ್ನು ಆರಿಸಿ, ಒಬ್ಬೊಬ್ಬ ಮಾರ್ಗದರ್ಶಕರ ಕೈಕೆಳಗೆ ಸಂಶೋಧನೆಗೆ ಹಚ್ಚಿದರು. ಕನ್ನಡ ವಿಭಾಗದ ಹುಡುಗ ಜೋಗುಳ ಬರೆದುಕೊಳ್ಳಲು ಊರೂರು ಅಲೆದ. ಭೌತಶಾಸ್ತ್ರದ ಹುಡುಗಿ ಮೆಣಸಿನಕಾಯಿ ಒಣಗಿಸುವ ಬಿಸಿಲಿನ ಪೆಟ್ಟಿಗೆ ಮಾಡಿದಳು. ಕಾಮರ್ಸಿನ ಇಬ್ಬರು ಸಂತೆಯ ತರಕಾರಿಯವರ ಬೆನ್ನು ಹತ್ತಿದರು. ಎಲ್ಲರಿಗೂ ಬೀಗದ ಕೈ ಕೊಡುವವನು ನಾನೇ. ಹೀಗಾಗಿ ಎಲ್ಲರ ಸಂಶೋಧನೆಯೂ ನನಗೆ ಅರ್ಧಂಬರ್ಧ ಗೊತ್ತು.

ಪ್ರಾಣಿಶಾಸ್ತ್ರದಿಂದ ಆಯ್ಕೆಯಾದವಳು ಗೀತಾಂಜಲಿ. ಅಪ್ಪನಿಲ್ಲ. ಅವ್ವ ಮಾಳವ್ವ ಅದೇ ಮಿಲ್ಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಯಂತ್ರಕ್ಕೆ ಹತ್ತಿ ಉಣಿಸುವವಳು. ಹುಡುಗಿ ನನ್ನನ್ನು ಕಾಕಾ ಎನ್ನುತ್ತಿದ್ದಳು. ಮಿಲ್ಲಿನ ಹೆಂಗಸರು ಎರಡು ವರ್ಷದ ಹಿಂದೆ, ಧೂಳು ಎಳೆಯುವ ಫ್ಯಾನು ಹಾಕಿಸಿಕೊಡಿ ಎಂದು ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಕೊಟ್ಟಿದ್ದರು. ಧೂಳಿನಿಂದಲೇ ಕೆಮ್ಮು ಎನ್ನಲು ಪುರಾವೆ ಏನಿದೆ ಎಂದು ಅಲ್ಲಿ ಕೇಳಿದರಂತೆ. ಆ ಪುರಾವೆ ತಾನು ತರುತ್ತೇನೆ ಎಂದು ಗೀತಾಂಜಲಿ ಹೊರಟಳು. ಅವಳ ಸಂಶೋಧನೆ ಅಂದರೆ ಅಷ್ಟೇ, ಅವ್ವನ ಎದೆಯೊಳಗೆ ಏನಾಗಿದೆ ಎಂದು ನೋಡುವುದು.

ಮಾರ್ಗದರ್ಶಕರು ರಾಜಶೇಖರ ಸರ್. ಕೆಟ್ಟ ಮನುಷ್ಯ ಎನ್ನಲಾರೆ. ನನ್ನ ಮಗಳ ಮದುವೆಗೆ ಬಂದು ಪಂಕ್ತಿಯಲ್ಲಿ ಕೂತು ಉಂಡು ಹೋದವರು. ವಿಷಯ ಕೇಳಿ ಖುಷಿಪಟ್ಟರು, ಉಸಿರು ಅಳೆಯುವ ಕೊಳವೆ ತರಿಸಿಕೊಟ್ಟರು. ಗೇಣುದ್ದದ ಪ್ಲಾಸ್ಟಿಕ್ ಕೊಳವೆ ಅದು. ಜೋರಾಗಿ ಊದಿದರೆ ಕೆಂಪು ಮುಳ್ಳು ಸರಿದು ಅಂಕಿ ತೋರಿಸುತ್ತದೆ. ಎದೆ ಗಟ್ಟಿಯಿದ್ದ ಹೆಂಗಸು ಮುನ್ನೂರೈವತ್ತು ದಾಟಿಸುತ್ತಾಳೆ. ಒಬ್ಬೊಬ್ಬರಿಗೆ ಒಂದೊಂದು ಬಾಯಿತುಂಡು, ಅದರ ಮೇಲೆ ಅವರವರ ನಂಬರು. ಶನಿವಾರಕ್ಕೊಮ್ಮೆ ಅವನ್ನು ತೊಳೆದು ಕೊಡುವುದು ನನ್ನ ಕೆಲಸ.

ಮೊದಲ ಮೂರು ದಿನ ಗೀತಾಂಜಲಿಯೇ ಮುಂಜಾನೆ, ಸಂಜೆ ಮಿಲ್ಲಿನ ಗೇಟಿನಲ್ಲಿ ನಿಂತು ಊದಿಸಿದಳು. ಮಾಳವ್ವ ಊದಿದ್ದು ನೂರಾ ಎಂಬತ್ತು. ಸಂಜೆಗೆ ಅದೂ ಇಳಿಯುತ್ತಿತ್ತು. ಅವಳೂ ಸೇರಿ ಹತ್ತೊಂಬತ್ತು ಹೆಂಗಸರದು ಇನ್ನೂರರ ಆಸುಪಾಸು. ಅಂಕಿ ಬರೆದುಕೊಳ್ಳುವಾಗ ಹುಡುಗಿಯ ಮುಖ ಸಪ್ಪಗಾಗುತ್ತಿತ್ತು. ಹೆಂಗಸರು ಆ ಮುಖ ನೋಡಿದರು.

ನಾಲ್ಕನೆಯ ದಿನದಿಂದ ಅವಳಿಗೆ ಕಿರುಪರೀಕ್ಷೆ. ಒಂದು ವಾರ ನೀವು ಮಿಲ್ಲಿಗೆ ಹೋಗಿ ಊದಿಸಬಹುದೇ ಎಂದು ಸರ್ ಅವರನ್ನು ಕೇಳಿದಳು. ನಾನು ಅಲ್ಲೇ ಬಾಟಲಿ ಒರೆಸುತ್ತಿದ್ದೆ.

“ನನಗ ಧೂಳಿನ ಅಲರ್ಜಿ ಐತೆವಾ,” ಎಂದರು ಸರ್. “ಅಲ್ಲಿ ನಿಂತ್ರ ಸೀನು ನಿಲ್ಲಂಗಿಲ್ಲ. ಅವರೊಳಗ ಸಾಲಿ ಕಲ್ತಾಕಿ ಯಾರರ ಇದ್ರ ಆಕಿಗೆ ಹೇಳಿಕೊಡು, ಬರಕೋತಾಳ.”

ಅವರು ನಗದೆ ಹೇಳಿದರು. ನನಗೂ ನಗು ಬರಲಿಲ್ಲ.

ಸಾಲಿ ಕಲಿತವಳೆಂದರೆ ಫಿರದೋಸ. ಹಿರಿಯ ಕೆಲಸಗಾರ್ತಿ ರಸೂಲಬಿಯ ಮಗಳು, ಪಿಯುಸಿ ಓದಿ ಆ ವರ್ಷವಷ್ಟೇ ಮಿಲ್ಲಿಗೆ ಸೇರಿದವಳು. ಒಂದು ವಾರ ಎಂದದ್ದು ಹನ್ನೊಂದು ವಾರವಾಯಿತು. ಕೊಳವೆ, ರಜಿಸ್ಟರು ಅವಳ ಕೈಯಲ್ಲೇ ಉಳಿದವು. ಪರೀಕ್ಷೆ ಮುಗಿದರೂ ತರಗತಿಗಳ ನಡುವೆ ಗೀತಾಂಜಲಿಗೆ ಗೇಟಿಗೆ ಹೋಗಲಾಗಲಿಲ್ಲ, ಶನಿವಾರ ರಜಿಸ್ಟರು ತರಿಸಿಕೊಂಡು ಪುಟಗಳಿಗೆ ಸಹಿ ಹಾಕುತ್ತಿದ್ದಳು. ಸರ್ ಒಂದು ದಿನವೂ ಮಿಲ್ಲಿನ ಕಡೆ ಹಾಯಲಿಲ್ಲ.

ಅಂಕಿ ಏರತೊಡಗಿತು. ಇನ್ನೂರು ಇದ್ದವರದು ಮುನ್ನೂರಿಪ್ಪತ್ತಾಯಿತು. ಮಾಳವ್ವನದು ಮುನ್ನೂರ ನಲವತ್ತಕ್ಕೆ ಹೋಗಿ ನಿಂತಿತು. ಗೀತಾಂಜಲಿಗೆ ಅನುಮಾನ ಬಂದು ಕೇಳಿದ್ದೂ ಉಂಟು. ಹೊಸದರಲ್ಲಿ ಅವರಿಗೆ ಊದಲು ಬರುತ್ತಿರಲಿಲ್ಲ, ಈಗ ರೂಢಿಯಾಗಿದೆ, ಮೊದಲ ಮೂರು ದಿನದ್ದು ತೆಗೆದುಹಾಕು ಎಂದರು ಸರ್. ಸಂಶೋಧನೆಯಲ್ಲಿ ಹಾಗೆ ಮಾಡುವ ರೀತಿ ಇದೆಯಂತೆ. ಅವಳು ತೆಗೆದುಹಾಕಿದಳು.

ನನ್ನ ಪಾಲು ಇಲ್ಲಿದೆ. ಮೊದಲ ಶನಿವಾರ ಬಂದ ಬಾಯಿತುಂಡುಗಳಿಗೆ ಎಲೆ ಅಡಿಕೆಯ ಕೆಂಪು ಅಂಟಿತ್ತು, ಉಜ್ಜಿ ಉಜ್ಜಿ ಸಾಕಾಯಿತು. ಆಮೇಲಿನ ಶನಿವಾರಗಳಲ್ಲಿ ಹತ್ತೊಂಬತ್ತು ತುಂಡು ನಾನು ಕೊಟ್ಟಂತೆಯೇ ವಾಪಸು ಬಂದವು. ಒಣಗಿದ್ದವು, ಯಾರ ಬಾಯಿಯೂ ಮುಟ್ಟಿರಲಿಲ್ಲ. ನಾನು ನೋಡಿದೆ. ಕೆಲಸ ಹಗುರಾಯಿತಲ್ಲ ಎಂದು ಸುಮ್ಮನಾದೆ. ಅಟೆಂಡರಿಗೇಕೆ ಸಂಶೋಧನೆಯ ಉಸಾಬರಿ ಎಂದುಕೊಂಡೆ.

ಮನೆಯಲ್ಲಿ ಮಾಳವ್ವ ಮಲಗಲಾರದೆ ಗೋಡೆಗೆ ಒರಗಿ ಕೂತು ನಿದ್ದೆ ಮಾಡುತ್ತಿದ್ದಳಂತೆ. ದವಾಖಾನೆಗೆ ಹೋಗೋಣ ಎಂದು ಮಗಳು ಕರೆದರೆ ನೆಗಡಿ ಎನ್ನುತ್ತಿದ್ದಳು. ನಿನ್ನ ಕೊಳವೆಯೇ ನನ್ನ ಎದೆ ಛಲೋ ಇದೆ ಎನ್ನುತ್ತದಲ್ಲ ಎಂದು ನಗುತ್ತಿದ್ದಳು. ಗೀತಾಂಜಲಿ ಅಂಕಿಯನ್ನು ನಂಬಿದಳು. ಅಳೆದದ್ದು ಸುಳ್ಳು ಹೇಳುವುದಿಲ್ಲ ಎಂದು ನಾವೇ ಅಲ್ಲವೇ ಅವಳಿಗೆ ಮೂರು ವರ್ಷ ಕಲಿಸಿದ್ದು? ಅವ್ವನ ಕೆಮ್ಮು ಕೇಳುತ್ತ, ಅವ್ವ ಗಟ್ಟಿಯಿದ್ದಾಳೆ ಎಂದು ಅವಳು ವರದಿ ಬರೆದಳು.

ಫೆಬ್ರವರಿಯಲ್ಲಿ ಕಾಲೇಜಿನ ಸಂಶೋಧನಾ ದಿನ. ಹನ್ನೆರಡರಲ್ಲಿ ಅವಳದಕ್ಕೇ ಮೊದಲ ಬಹುಮಾನ. ಅರಳೆ ಧೂಳಿನಿಂದ ಹೆಂಗಸರ ಉಸಿರಿಗೆ ಹೇಳಿಕೊಳ್ಳುವಂಥ ತೊಂದರೆ ಕಂಡುಬಂದಿಲ್ಲ ಎಂಬುದು ವರದಿಯ ಸಾರ. ಅತಿಥಿಯಾಗಿ ಬಂದಿದ್ದ ಬಸವಕಿರಣ ಹುಡುಗಿಗೆ ತಾನೇ ಶಾಲು ಹೊದಿಸಿದ, ವರದಿಯ ಒಂದು ಪ್ರತಿ ಕೇಳಿ ತೆಗೆದುಕೊಂಡ. ಮುಂದಿನ ತಿಂಗಳು ಹೆಂಗಸರ ಅರ್ಜಿ ವಜಾ ಆಯಿತು. ಕಾರಣ ಅಂತ ಆ ವರದಿಯನ್ನೇ ಲಗತ್ತಿಸಿದ್ದರು. ಗೀತಾಂಜಲಿ ದಂಗಾದಳು, ಆದರೆ ಅಂಕಿ ಹಾಗೇ ಇದ್ದರೆ ಏನು ಮಾಡುವುದು ಎಂದಳು.

ಏಪ್ರಿಲ್‌ನಲ್ಲಿ ಮಾಳವ್ವ ಯಂತ್ರದ ಮುಂದೆ ಕುಸಿದುಬಿದ್ದಳು. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಒಯ್ದರು. ನಾನು ಬುತ್ತಿ ತೆಗೆದುಕೊಂಡು ಹೋದಾಗ ಡಾಕ್ಟರು ಅಂಥದೇ ಒಂದು ಕೊಳವೆ ಅವಳ ಬಾಯಿಗೆ ಇಟ್ಟಿದ್ದರು. ಮುಳ್ಳು ನೂರಾ ಹತ್ತಕ್ಕೆ ನಿಂತಿತು. ಇನ್ನೊಮ್ಮೆ ಊದಿಸಿದರು, ಅಷ್ಟೇ. ವರ್ಷಗಟ್ಟಲೆ ಹೀಗಿರಬೇಕಲ್ಲ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಮಗಳನ್ನು ಕೇಳಿ ಡಾಕ್ಟರು ಮುಂದೆ ಹೋದರು.

ಗೀತಾಂಜಲಿ ಮಂಚದ ಮಗ್ಗುಲಿಗೆ ಕೂತಳು. “ಅವ್ವಾ, ಮುನ್ನೂರ ನಲವತ್ತು ಯಾರದು?” ಎಂದಳು.

ಮಾಳವ್ವ ಬಹಳ ಹೊತ್ತು ಉಸಿರು ಕೂಡಿಸಿಕೊಂಡಳು. “ಫಿರದೋಸಂದು,” ಎಂದಳು. “ನಮ್ಮ ಹತ್ತೊಂಬತ್ತು ಮಂದೀದೂ ಆಕೀನ ಊದ್ಯಾಳ. ನೀ ಬರಕೊಳ್ಳೂ ಮುಂದ ಮಾರಿ ಸಣ್ಣದು ಮಾಡ್ತಿದ್ದೆಲ್ಲ. ಇದು ನಿನ್ನ ಪರೀಕ್ಷಾ, ನಮ್ಮ ಉಸಿರು ಕಡಿಮಿ ಬಿದ್ರ ನಿನ್ನ ಮಾರ್ಕ್ಸ್ ಹೊಕ್ಕಾವು ಅಂತ ತಿಳದ್ವಿ. ನಮ್ಮಿಂದ ನೀ ಫೇಲ್ ಆಗಬಾರ್ದಿತ್ತು ಯವ್ವಾ.”

“ಅದು ನನ್ನ ಪರೀಕ್ಷಾ ಅಲ್ಲ ಅವ್ವಾ, ನಿನ್ನ ಎದೀದು,” ಎಂದಳು ಮಗಳು.

“ನಮಗ ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಹೇಳುವಷ್ಟು ಹೊತ್ತು ಅವರ ನಡುವೆ ನಿಲ್ಲಬೇಕಾದವರು ಸೀನಿಗೆ ಹೆದರಿ ಕೋಣೆಯಲ್ಲಿ ಕೂತಿದ್ದರು. ನಾನು ಅಲ್ಲೇ ನಿಂತು ಒಣ ಬಾಯಿತುಂಡುಗಳ ಸಂಗತಿ ಹೇಳಿದೆ. ಗೀತಾಂಜಲಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎಂಟನೆಯ ದಿನ ಮಾಳವ್ವ ಹೋದಳು. ಮಣ್ಣು ಮಾಡುವಾಗಲೂ ಹುಡುಗಿ ಅಳಲಿಲ್ಲ.

ತಿಂಗಳೊಪ್ಪತ್ತಿನ ಮೇಲೆ ಅವಳು ಸರ್ ಬಳಿ ಬಂದಳು. ವರದಿ ಸುಳ್ಳಾಗಿದೆ, ವಾಪಸು ತೆಗೆದುಕೊಳ್ಳೋಣ ಎಂದಳು. ಸರ್ ಅವಳನ್ನು ಕೂರಿಸಿ ನೀರು ಕೊಟ್ಟರು, ಅವ್ವನ ಬಗ್ಗೆ ನಾಲ್ಕು ಒಳ್ಳೆಯ ಮಾತೂ ಆಡಿದರು. ಆಮೇಲೆ ವರದಿಯಿಂದ ಮಾಡಿದ ಲೇಖನ ಆಗಲೇ ಸಂಶೋಧನಾ ಪತ್ರಿಕೆಯೊಂದಕ್ಕೆ ಹೋಗಿದೆ ಎಂದರು. ಅದರಲ್ಲಿ ಅವರ ಹೆಸರು ಮೊದಲು, ಇವಳದು ಎರಡನೆಯದು. ಪುಣೆಯ ಒಂದು ದೊಡ್ಡ ಸಂಸ್ಥೆಯಲ್ಲಿ ಮುಂದಿನ ಓದಿಗೆ ಇವಳಿಗೆ ಕರೆ ಬಂದಿತ್ತು, ಮಾರ್ಗದರ್ಶಕರ ಪತ್ರವೊಂದು ಬೇಕಿತ್ತು. ಆ ಪತ್ರ ಟೈಪಾಗಿ ಅವರ ಮೇಜಿನ ಮೇಲೇ ಇತ್ತು, ಸಹಿ ಬಾಕಿ.

“ವಾಪಸ್ ತಗೊಂಡ್ರ ನಾ ಏನಂತ ಸಹಿ ಮಾಡ್ಲಿ, ನೀನ ಹೇಳು,” ಎಂದರು. “ಸುಳ್ಳು ಅಂಕಿ ಬರದಾಕಿ ಅಂತ ನಿನಗ ಹೆಸರು ಬರ್ತೈತಿ. ನನಗಲ್ಲ. ರಜಿಸ್ಟರಿನ್ಯಾಗ ಸಹಿ ನಿಂದೈತಿ.”

ಹೌದು, ಪುಟಪುಟಕ್ಕೂ ಅವಳದೇ ಸಹಿ. ಅವಳು ಎದ್ದು ಹೋದಳು. ಪತ್ರ ಅಲ್ಲೇ ಉಳಿಯಿತು.

ಜೂನ್‌ನಲ್ಲಿ ಹೆಂಗಸರು ಮತ್ತೆ ಅರ್ಜಿ ಹಾಕಿದರು. ಮಾಳವ್ವ ಸತ್ತದ್ದು ಧೂಳಿನಿಂದ ಎಂದು ಬರೆಯಿರಿ, ಫ್ಯಾನು ಹಾಕಿಸಿರಿ, ಇಷ್ಟೇ ಅದರಲ್ಲಿದ್ದುದು. ವಿಚಾರಣೆಯ ದಿನ ಅವರು ಮಿಲ್ಲಿಗೆ ಹೋಗದೆ ಎರಡೂ ಟೆಂಪೋಗಳಲ್ಲಿ ನೇರವಾಗಿ ಕಚೇರಿಗೆ ಬಂದರು. ನಾನೂ ರಜೆ ಹಾಕಿ ಹೋದೆ.

ಬಸವಕಿರಣ ದನಿ ಎತ್ತಲಿಲ್ಲ. ವರದಿಯನ್ನು ಅಧಿಕಾರಿಯ ಮುಂದಿಟ್ಟು ಒಂದು ಪುಟ ತೆರೆದು ತೋರಿಸಿದ. “ಸತ್ತಾಕಿ ಉಸಿರು ಮುನ್ನೂರ ನಲವತ್ತು ಅಂತ ಬರದೈತ್ರಿ. ಬರದಾಕಿ ಆಕಿ ಸ್ವಂತ ಮಗಳು. ಇದರ ಮ್ಯಾಲೆ ನಾ ಏನ್ ಹೇಳ್ಲಿರಿ?”

ಅಧಿಕಾರಿ ಗೀತಾಂಜಲಿಯನ್ನು ಕರೆದು, ಸಹಿ ನಿನ್ನದೇ ಏನವಾ ಎಂದ. ಹೌದು ಎಂದಳು.

“ಸಹಿ ನಂದು, ಅಂಕಿ ಸುಳ್ಳು,” ಎಂದಳು. “ಮೊದಲ ಮೂರು ದಿನ ನಾನ ನಿಂತು ಊದಸೀನ್ರಿ. ಅದಷ್ಟ ಖರೇ. ನಮ್ಮವ್ವಂದು ನೂರಾ ಎಂಬತ್ತಿತ್ತು. ಖರೇದನ್ನ ತಗದು ಒಗದು ಸುಳ್ಳಿಗೆ ಬಹುಮಾನ ತಗೊಂಡೀನ್ರಿ. ಹಂಗ ಬರಕೋರಿ.”

ಅಧಿಕಾರಿ ಪೆನ್ನು ಕೆಳಗಿಟ್ಟ. ಹೀಗೆ ಹೇಳಿಕೆ ಕೊಟ್ಟರೆ ಕಾಲೇಜಿಗೆ ಪತ್ರ ಹೋಗುತ್ತದೆ, ಪದವಿಗೂ ಕುತ್ತು ಬರಬಹುದು, ವಿಚಾರ ಮಾಡು ಎಂದ. ಅವನ ದನಿಯಲ್ಲಿ ಕನಿಕರವಿತ್ತು. ವಿಚಾರ ಮಾಡಿಯೇ ಬಂದಿದ್ದೇನೆ ಎಂದಳು. ಆತ ಒಂದು ಫಾರ್ಮು ತೆಗೆದ. ಹೇಳಿಕೆ ಕೊಡುವವರ ಹೆಸರು ಎಂದು ಅದರಲ್ಲಿ ಒಂದೇ ಒಂದು ಗೆರೆ. ಅವಳ ಹೆಸರು ಬರೆಯತೊಡಗಿದ.

ಆಗ ಹಿಂದಿನಿಂದ ಫಿರದೋಸ ಮುಂದೆ ಬಂದು, ಊದಿದವಳು ತಾನು, ತನ್ನದೂ ಬರೆಯಬೇಕು ಎಂದಳು. ಕಚೇರಿಯ ಬಾಗಿಲಲ್ಲಿ ನಿಂತಿದ್ದ ಮಿಲ್ಲಿನ ಮ್ಯಾನೇಜರ್ ಅವಳ ಹೆಸರನ್ನು ಆಗಲೇ ಮೊಬೈಲಿನಲ್ಲಿ ಒತ್ತಿಕೊಳ್ಳುತ್ತಿದ್ದ. ನಾನು ಬಾಯಿತುಂಡು ತೊಳೆದವನು ಎಂದು ಹೇಳಿ ಅವಳ ಪಕ್ಕ ನಿಂತೆ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಒಂದು ಫಾರ್ಮಿಗೆ ಒಬ್ಬರೇ, ಉಳಿದವರು ಹೊರಗೆ ಹೋಗಿ ಎಂದ ಅಧಿಕಾರಿ. ಯಾರೂ ಹೋಗಲಿಲ್ಲ. ನಲವತ್ತು ಹೆಂಗಸರೂ ಎದ್ದು ಮೇಜಿನ ಸುತ್ತ ಬಂದರು, ಕೆಲವರಿಗೆ ಅಷ್ಟಕ್ಕೇ ಏದುಸಿರು ಬಂತು. ಅವ್ವ ಸತ್ತ ಮೇಲೆ ಗೀತಾಂಜಲಿ ಅತ್ತದ್ದು ಅವತ್ತೇ.

ರಸೂಲಬಿ ಫಾರ್ಮಿನ ಮೇಲೆ ಕೈ ಇಟ್ಟಳು.

“ಊದಿದಾಕಿ ಒಬ್ಬಾಕಿ ಇರಬಹುದ್ರಿ, ಊದು ಅಂದಾವ್ರು ಎಲ್ಲಾರೂ ಅದೀವಿ,” ಎಂದಳು. “ಆ ಒಂದು ಗೆರಿ ಸಾಲಂಗಿಲ್ಲ ಸಾಹೇಬ್ರ. ಇನ್ನೊಂದು ಹಾಳಿ ತಗೀರಿ.”

ಅಧಿಕಾರಿ ಬಸವಕಿರಣನ ಕಡೆ ನೋಡಿದ. ಬಸವಕಿರಣ ಗಡಿಯಾರ ನೋಡಿಕೊಂಡ. ಹೆಂಗಸರು ನಿಂತೇ ಇದ್ದರು, ಕೆಮ್ಮುತ್ತ. ಅಧಿಕಾರಿ ಇನ್ನೊಂದು ಹಾಳೆ ತೆಗೆದ.