ಎರಡನೇ ಟ್ಯಾಂಕಿನ ಹಾಲು

ಅಭಿನಂದನ್ ಫೋನಿನಲ್ಲಿ "ನೋಡೋಣ ಆಂಟಿ" ಅಂದಕೂಡಲೇ ಬ್ರಿಸ್ಬೇನ್‌ನ ತುಪ್ಪದ ಆರ್ಡರು ಕೈತಪ್ಪಿತೆಂದು ವನಜಾಗೆ ಗೊತ್ತಾಗಿಹೋಯಿತು. ನಮ್ಮವರ ಬಾಯಲ್ಲಿ ನೋಡೋಣ ಅಂದರೆ ಆಗುವುದಿಲ್ಲ ಎಂದು ಅರ್ಥ; ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಲ್ಲಿನ ನಾರ್ತ್ ಲೇಕ್ಸ್‌ನಲ್ಲಿ ದಿನಸಿ ಅಂಗಡಿ ಇಟ್ಟಿರುವ ಇದೇ ಪುಣ್ಯಾತ್ಮ ಕಳೆದ ಬೇಸಿಗೆಯಲ್ಲಿ, ಎಷ್ಟು ತುಪ್ಪ ಕಳಿಸಿದರೂ ಸಾಲದು, ಜನ ಮುಗಿಬೀಳುತ್ತಾರೆ ಎಂದು ಅವಳ ತಲೆ ತಿಂದಿದ್ದ. ಅದರ ಮೇಲೆ ಆಂಟಿ ಬೇರೆ. ಅವನಿಗೂ ಅವಳಿಗೂ ಇದ್ದ ಅಂತರ ಹೆಚ್ಚೆಂದರೆ ಹತ್ತು ವರ್ಷ.

ಅಡಿಲೇಡಿನ ಸಗಟು ವ್ಯಾಪಾರಿ ನಿಕಿತಾ ಹಿಂದಿನ ವಾರವೇ ಕೈ ಎತ್ತಿದ್ದಳು. ಅವಳು ಅಷ್ಟಾದರೂ ಮರ್ಯಾದೆಯಿಂದ ಕಾರಣ ಹೇಳಿ, ಹೊಸದಾಗಿ ಬಂದಿದ್ದ ತುಪ್ಪದ ಡಬ್ಬದ ಫೋಟೋ ಕಳಿಸಿದ್ದಳು. ಹಸಿರು ಹುಲ್ಲುಗಾವಲು, ಕಂದು ಹಸು, ಕೆಳಗೆ ಐರ್ಲೆಂಡಿನ ಬೆಣ್ಣೆಯಿಂದ ತಯಾರಿಸಿದ್ದು ಎಂಬ ಬರಹ. ಯುರೋಪಿನಲ್ಲಿ ಬೆಣ್ಣೆ ಬೇಕಾದಷ್ಟು ಬಿದ್ದಿದೆಯಂತೆ, ಕಂಟೇನರುಗಟ್ಟಲೆ ಬರುತ್ತಿದೆಯಂತೆ. ಪರ್ತ್‌ನಿಂದ ದೇಶದ ಆ ತುದಿಗೆ ಲಾರಿಯಲ್ಲಿ ಹೋಗುವ ವನಜಾಳ ತುಪ್ಪಕ್ಕಿಂತ ಭೂಮಿಯ ಆ ಕಡೆಯಿಂದ ಹಡಗಿನಲ್ಲಿ ಬರುವ ತುಪ್ಪ ಅಗ್ಗ. ಇದು ಯಾವ ಸೀಮೆಯ ಲೆಕ್ಕವೋ ದೇವರೇ ಬಲ್ಲ.

ವನಜಾ ಸಾಫ್ಟ್‌ವೇರ್ ಕೆಲಸ ಬಿಟ್ಟು, ಪರ್ತ್‌ನ ಪಿಯಾರಾ ವಾಟರ್ಸ್ ಬಡಾವಣೆಯ ತನ್ನ ಮನೆಗೆ ಹತ್ತಿರದಲ್ಲೇ ಒಂದು ಶೆಡ್ ಬಾಡಿಗೆಗೆ ಹಿಡಿದು ಮೊಸರು, ಬೆಣ್ಣೆ ಮಾಡಲು ಶುರುಮಾಡಿದವಳು. ಮೊಸರು ಪರ್ತ್‌ನ ನಮ್ಮವರಿಗೇ ಸಾಕಾಗುತ್ತಿತ್ತು. ತುಪ್ಪವನ್ನು ಮಾತ್ರ ಮೈಸೂರಿನಲ್ಲಿ ಅಮ್ಮ ಕಾಯಿಸುತ್ತಿದ್ದಂತೆಯೇ, ಇಳಿಸುವ ಮುಂಚೆ ಒಂದು ವೀಳ್ಯದೆಲೆ ಹಾಕಿ ಕಾಯಿಸುತ್ತಿದ್ದಳು. ಆ ಘಮ ಊರೂರು ದಾಟಿತು. ಆರ್ಡರು ಬಂತು, ಆಸೆ ಬೆಳೆಯಿತು. ಆಸೆ ಬೆಳೆದರೆ ಹಾಲೂ ಬೆಳೆಯಬೇಕಲ್ಲ, ಅದಕ್ಕಾಗಿ ಅವಳು ಹೋಗಿ ಡೋನಲ್‌ನ ಬೆನ್ನು ಬಿದ್ದಿದ್ದಳು.

ಡೋನಲ್ ಊರಾಚೆಯ ಸರ್ಪೆಂಟೈನ್‌ನಲ್ಲಿ ಹಸು ಸಾಕಿಕೊಂಡಿದ್ದ ಐರಿಶ್ ಮನುಷ್ಯ. ಅರವತ್ತರ ಆಸುಪಾಸು, ಮಾತು ಕಡಿಮೆ. ಅವನ ಹಾಲು ಬಹುಪಾಲು ದೊಡ್ಡ ಕಂಪನಿಯ ಟ್ಯಾಂಕರಿಗೆ ಹೋಗುತ್ತಿತ್ತು, ಸ್ವಲ್ಪ ವನಜಾಗೆ. ಹಸುಗಳನ್ನು ಹೆಚ್ಚು ಮಾಡಿ ಎಂದು ಅವಳು ಮೊದಲ ಸಲ ಕೇಳಿದಾಗ ಅವನು ಖಂಡಿತ ಆಗದು ಎಂದು ತಲೆಯಾಡಿಸಿ, ತನ್ನ ಊರಿನ ಕೋಟಾದ ಕಥೆ ಹೇಳಿದ್ದ. ಕೋಟಾ ಅಂದರೆ ವನಜಾಗೆ ಗೊತ್ತಿದ್ದದ್ದು ಎಂಜಿನಿಯರಿಂಗ್ ಸೀಟಿನ ಕೋಟಾ ಒಂದೇ. ಅವನ ಊರಿನಲ್ಲಿ ಹಾಲಿಗೇ ಕೋಟಾ ಇತ್ತಂತೆ. ಇಷ್ಟು ಹಾಲು ಕರೆದು ಮಾರಬಹುದು, ಮೀರಿದರೆ ದಂಡ. ಮೂವತ್ತು ವರ್ಷ ಊರಿಗೆ ಊರೇ ಅದಕ್ಕೆ ಶಾಪ ಹಾಕಿತ್ತು. ಎರಡು ಸಾವಿರದ ಹದಿನೈದರಲ್ಲಿ ಕೋಟಾ ತೆಗೆದುಹಾಕಿದಾಗ ಹಬ್ಬವನ್ನೇ ಮಾಡಿದ್ದರು. ಎಲ್ಲರೂ ಹಸು ತಂದರು, ಶೆಡ್ ಕಟ್ಟಿದರು, ಡೋನಲ್ ಕೂಡ. ಎಲ್ಲರ ಹಾಲೂ ಒಟ್ಟಿಗೇ ಮಾರುಕಟ್ಟೆಗೆ ಬಂದು ಬೆಲೆ ಪಾತಾಳ ಕಂಡಿತು. ಅಪ್ಪನ ಕಾಲದಲ್ಲಿ ಒಬ್ಬನೇ ನಿಭಾಯಿಸುತ್ತಿದ್ದ ಕೊಟ್ಟಿಗೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬಿಡುವಿಲ್ಲದೆ ದುಡಿದು, ಒಬ್ಬರ ಮುಖ ಒಬ್ಬರು ನೋಡದ ಹಾಗಾಯಿತು. ಹೆಂಡತಿ ಹೊರಟುಹೋದಳು. ಅವನು ಇದ್ದದ್ದನ್ನು ಮಾರಿ ಈ ಕಡೆಗೆ ಬಂದ, ಇನ್ನು ಸಣ್ಣದಾಗಿಯೇ ಇರುತ್ತೇನೆ ಎಂದು ಆಣೆ ಮಾಡಿಕೊಂಡು.

ಅಂಥವನ ಆಣೆಯನ್ನು ಮುರಿಸಿದವಳು ವನಜಾ. ಮೂರು ಸಲ ಹೋಗಿ, ಚಕ್ಕುಲಿ ಕೊಟ್ಟು, ತುಪ್ಪದ ರುಚಿ ತೋರಿಸಿ, ಬ್ರಿಸ್ಬೇನ್ ಇದೆ, ಅಡಿಲೇಡ್ ಇದೆ, ಹೆಚ್ಚುವರಿ ಹಾಲಷ್ಟನ್ನೂ ನಾನೇ ಎತ್ತುತ್ತೇನೆ ಎಂದು ಮಾತು ಕೊಟ್ಟಿದ್ದಳು. ಅವನು ಪಕ್ಕದ ಹುಲ್ಲುಗಾವಲನ್ನು ಗುತ್ತಿಗೆಗೆ ಹಿಡಿದ, ಹಸು ತಂದ, ಅವಳ ಹಾಲಿಗೆಂದೇ ಎರಡನೇ ಟ್ಯಾಂಕು ಕೂರಿಸಿದ.

ಈಗ ಆ ಹಾಲು ಬೇಡ ಎಂದು ಅವನಿಗೆ ಹೇಳಬೇಕಿತ್ತು. ಅಭಿನಂದನ್‌ನನ್ನು ಬೈದುಕೊಳ್ಳುತ್ತಲೇ ವನಜಾ ಶನಿವಾರ ಕಾರು ಹತ್ತಿದಳು.

ಡೋನಲ್ ಚಹಾ ಮಾಡಿಕೊಟ್ಟ, ಬಿಸ್ಕತ್ತಿನ ತಟ್ಟೆ ಮುಂದಿಟ್ಟ. ಹೊಸ ಹಸುಗಳಲ್ಲಿ ಒಂದು ಕರು ಹಾಕಿದೆ ಎಂದು ಕಿಟಕಿಯಿಂದ ತೋರಿಸಿದ. ಮನುಷ್ಯ ಯಾವತ್ತೂ ಇಲ್ಲದ್ದು ನಗುತ್ತಿದ್ದ. ವನಜಾ ಅದೂ ಇದೂ ಮಾತಾಡಿ, ಮಾರುಕಟ್ಟೆ ಸ್ವಲ್ಪ ಕಷ್ಟವಾಗಿದೆ ಅಂದಳು. ಆ ಕಡೆಯವರು ಯೋಚನೆ ಮಾಡುತ್ತಿದ್ದಾರೆ ಅಂದಳು. ಹಾಗಾದರೆ ಸೋಮವಾರ ಅವಳು ಎತ್ತಬೇಕಾದ ಹಾಲಿನ ಕಥೆ ಏನು ಎಂದು ಅವನು ಕೇಳಿದ. ಅವಳು ಕಪ್ಪಿನ ತಳವನ್ನೇ ನೋಡುತ್ತಾ ನಿಧಾನವಾಗಿ ಹೇಳಿದಳು:

"ಲೆಟ್ಸ್ ಸೀ, ಡೋನಲ್."

ಹೇಳಿದ ಮೇಲೆ ಎದೆಯ ಭಾರವೆಲ್ಲ ಇಳಿದಂತಾಯಿತು. ಎದ್ದಳು, ಚಪ್ಪಲಿ ಮೆಟ್ಟಿದಳು. ಹೊಸಿಲ ಹತ್ತಿರ, ಹದಿನಾರು ವರ್ಷದ ಆಸ್ಟ್ರೇಲಿಯಾ ವಾಸವನ್ನೆಲ್ಲ ಮರೆತು, ಅವಳ ನಾಲಿಗೆ ಮೈಸೂರಿನ ಬಾಗಿಲಲ್ಲಿ ಹೇಳುವುದನ್ನೇ ಹೇಳಿಬಿಟ್ಟಿತು.

"ಓಕೆ, ಐ ವಿಲ್ ಕಮ್."

ಡೋನಲ್ ತಲೆಯಾಡಿಸಿ ಕೈ ಬೀಸಿದ.

ಮನೆಯಲ್ಲಿ ಗಂಡ ಉದಯಶಂಕರ್ ಕಾಯುತ್ತಾ ಕೂತಿದ್ದ. "ಹೇಳಿದ್ಯಾ?" ಎಂದು ಕೇಳಿದ.

"ಹೇಳ್ಬಿಟ್ಟೆ ಕಣ್ರೀ. ಪಾಪ, ಒಳ್ಳೆ ಮನುಷ್ಯ. ಒಂದು ಮಾತೂ ಆಡ್ಲಿಲ್ಲ. ಬಿಸ್ಕತ್ತು ಬೇರೆ ಕೊಟ್ರು."

ಬುಧವಾರ ಬೆಳಿಗ್ಗೆ ಡೋನಲ್‌ನ ಫೋನು ಬಂತು. ಎರಡನೇ ಟ್ಯಾಂಕಿನ ಹಾಲಿಗೆ ಬರಬೇಕಿದ್ದ ನಿನ್ನ ಗಾಡಿ ಎಲ್ಲಿ ಎಂದು ಕೇಳಿದ. ಯಾವ ಗಾಡಿ ಎಂದಳು ಅವಳು. ಸೋಮವಾರ ಕಂಪನಿಯ ಟ್ಯಾಂಕರಿನವನು ಎರಡನೇ ಟ್ಯಾಂಕನ್ನೂ ಖಾಲಿ ಮಾಡಲೇ ಎಂದು ಕೇಳಿದ್ದನಂತೆ. ಬೇಡ, ವನಜಾ ಬರುತ್ತಾಳೆ ಎಂದು ಇವನೇ ವಾಪಸು ಕಳಿಸಿದ್ದನಂತೆ. ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಈಗ ಟ್ಯಾಂಕು ತುಂಬಿದೆ, ಹಾಲು ಹಳತಾಗಿದೆ, ಕಂಪನಿಯವನು ಮುಟ್ಟುವುದಿಲ್ಲ, ಮುಂದಿನ ಹಾಲಿಗೆ ಜಾಗವಿಲ್ಲ.

ವನಜಾಗೆ ಮೈಯೆಲ್ಲ ಉರಿಯಿತು. ಶನಿವಾರವೇ ಹೇಳಿದೆನಲ್ಲ ಎಂದು ಸ್ವಲ್ಪ ಜೋರಾಗಿಯೇ ಕೇಳಿದಳು. ಅವನು ಮಾತ್ರ ಜೋರು ಮಾಡಲಿಲ್ಲ.

"ನೀನು ಹೇಳಿದ್ದು, ನಾನು ಬರ್ತೀನಿ ಅಂತ."

ಅವಳು ಹೋಗಿ ಇಳಿಯುವಷ್ಟರಲ್ಲಿ ಅವನು ಟ್ಯಾಂಕಿನ ಕೊಳವೆ ತೆರೆದಿದ್ದ. ಹಾಲು ದಪ್ಪ ಧಾರೆಯಾಗಿ ಹೊರಬಂದು, ಸಿಮೆಂಟಿನ ಮೇಲೆ ಹರಡಿ, ಇಳಿಜಾರಿನ ಹುಲ್ಲಿಗೆ ಹೋಗುತ್ತಿತ್ತು. ಪಿಯಾರಾ ವಾಟರ್ಸ್ ಮನೆಯ ಗೃಹಪ್ರವೇಶದಲ್ಲಿ ಒಲೆಯ ಮೇಲೆ ಹಾಲು ಉಕ್ಕಿದಾಗ ಬಂದವರೆಲ್ಲ ಚಪ್ಪಾಳೆ ತಟ್ಟಿದ್ದರು. ಇಲ್ಲಿ ಇಬ್ಬರೂ ಸುಮ್ಮನೆ ನಿಂತು ನೋಡಿದರು. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಅಷ್ಟೂ ಅರ್ಥವಾಗುವುದಿಲ್ಲವೇ ಎಂದು. ಆಮೇಲೆ ಅಭಿನಂದನ್ ಮೇಲೆ ಬಂತು. ಅವನ ಮಾತನ್ನೇ ತಾನೂ ಇಲ್ಲಿಗೆ ತಂದು ಇಳಿಸಿದ್ದೆ ಎಂದು ಹೊಳೆದಾಗ ಆ ಸಿಟ್ಟಿಗೆ ಹೋಗಲು ಬೇರೆ ಜಾಗ ಉಳಿಯಲಿಲ್ಲ.

"ಮುಂದಿನ ವಾರ?" ಡೋನಲ್ ಕೇಳಿದ.

ನೋಡೋಣ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು. ಹುಟ್ಟಿದಾಗಿನಿಂದ ಯಾರ ಮುಖಕ್ಕೂ ಹೇಳದ ಹಾಗೆ ಹೇಳಿದಳು:

"ಇಲ್ಲ. ಬೇಡ. ಈ ಟ್ಯಾಂಕಿನ ಹಾಲು ನನಗೆ ಇನ್ನು ಬೇಡ. ಹಳೆಯದಷ್ಟೇ ಸಾಕು."

ಏಕೆ ಎಂದು ಅವನು ಕೇಳಿದಾಗ, ವಿವರಿಸಲು ಹೋಗದೆ ಫೋನಿನಲ್ಲಿದ್ದ ಡಬ್ಬದ ಚಿತ್ರ ತೋರಿಸಿದಳು. ಅವನು ಕನ್ನಡಕ ಹಾಕಿಕೊಂಡು ಹಸಿರು ಹುಲ್ಲು, ಕಂದು ಹಸು, ಕೆಳಗಿನ ಬರಹ ಎಲ್ಲವನ್ನೂ ಓದಿದ. ಓದಿ ಫೋನು ವಾಪಸು ಕೊಟ್ಟ. ಇದರಿಂದಲೇ ತಾನು ಓಡಿ ಬಂದದ್ದು ಎಂದ. ಹೊಸ ಹಸುಗಳನ್ನು ಮಾರಬೇಕಾಗುತ್ತದೆ, ಕರು ಹಾಕಿದ್ದನ್ನೂ ಎಂದ. ಶನಿವಾರವೇ ಹೀಗೆ ಹೇಳಿದ್ದರೆ ಈ ಹಾಲಾದರೂ ಉಳಿಯುತ್ತಿತ್ತು ಎಂದ.

ವನಜಾ ಕ್ಷಮೆ ಕೇಳಿದಳು. ಅವನು ಪೊರಕೆ ತೆಗೆದುಕೊಂಡು ಸಿಮೆಂಟಿನ ಮೇಲೆ ನಿಂತ ಹಾಲನ್ನು ಹುಲ್ಲಿನ ಕಡೆಗೆ ತಳ್ಳತೊಡಗಿದ. ಈ ಸಲ ಚಹಾ ಕೊಡಲಿಲ್ಲ.

ಗೇಟಿನ ಹತ್ತಿರ ಅವಳು ತಿರುಗಿ ನಿಂತಳು. ಬರ್ತೀನಿ ಎನ್ನಬಾರದು. ಹೋಗ್ತೀನಿ ಎಂದು ಹೊಸಿಲಲ್ಲಿ ಅಂದರೆ ಅಮ್ಮ ಬಾಯಿಗೆ ಹೊಡೆಯುತ್ತಿದ್ದಳು, ಅದು ಮತ್ತೆ ಬರದವರ ಮಾತು ಎಂದು.

"ಐ ಆಮ್ ಗೋಯಿಂಗ್, ಡೋನಲ್."

ಅವನು ಪೊರಕೆ ನಿಲ್ಲಿಸಿ, ಅವಳ ಮುಖ ನೋಡಿ, "ಥ್ಯಾಂಕ್ಸ್" ಎಂದ. ಅವಳು ಕೊಟ್ಟ ಮಾತುಗಳಲ್ಲಿ ಅವನು ನಂಬಬಹುದಾದದ್ದು ಅದೊಂದೇ ಆಗಿತ್ತು.