ಒಂಟಿಕಾಲಿನ ಮೇಯರು

ಒಂದು ಕೆರೆ, ಅದರ ದಡದಲ್ಲಿ ಕಪ್ಪೆಗಳ ಊರು. ಊರಿನ ಹೆಸರು ಮಾತ್ರ ಕೇಳಬೇಡಿ, ಒಬ್ಬೊಬ್ಬರು ಒಂದೊಂದು ಹೆಸರು ವಟಗುಟ್ತಾರೆ. ಆ ಕೆರೆಗೆ ಸಮುದ್ರದಾಚೆಯಿಂದ ಬಿಳೀ ಕೊಕ್ಕರೆಗಳು ಬಂದು, "ನಿಮ್ಮ ಕೆರೆ ಕಾಯ್ತೀವಿ" ಅಂದವು. ಕಾಯೋದು ಶುರುವಾದ ಮೇಲೆ ಮೀನು ಕಮ್ಮಿಯಾಯ್ತು, ಆಮೇಲೆ ಕಪ್ಪೆಗಳೂ ಕಮ್ಮಿಯಾದರು. ಕೇಳೋಣ ಅಂದ್ರೆ ದೊರೆಗಳು ಯಾವಾಗ ನೋಡಿದ್ರೂ ಕಣ್ಣುಮುಚ್ಚಿ ಧ್ಯಾನದಲ್ಲೇ.

ಕೊಕ್ಕರೆ ದರ್ಬಾರಿಗೊಂದು ರಿವಾಜಿತ್ತು: ಒಳಗೆ ಬಂದವರು ಒಂಟಿಕಾಲಲ್ಲೇ ನಿಲ್ಲಬೇಕು. ಹೋದ ಕಪ್ಪೆಗಳೆಲ್ಲ ದಬಕ್ಕನೆ ಬಿದ್ದು ನಗೆಪಾಟಲಾಗಿ ಬಂದರು. ಜೊಂಡಿನ ವ್ಯಾಪಾರಿ ಉಬ್ಬಣ್ಣ ಮಾತ್ರ ಒಂದು ಗಟ್ಟಿ ಜೊಂಡನ್ನ ಕಂಕುಳಿಗೆ ಊರುಗೋಲಾಗಿ ಕೊಟ್ಕೊಂಡು, ಮೂರು ಕಾಲು ಮಡಚಿ ನಿಂತೇಬಿಟ್ಟ. ಹಿರಿಕೊಕ್ಕರೆ ಒಂದು ಕಣ್ಣು ತೆರೆದು, "ಇವನು ನಾಗರಿಕ" ಅಂತು. ಕೊರಳಿಗೆ ಚಿನ್ನದ ಸರ ಬಿತ್ತು. ಉಬ್ಬಣ್ಣ ಊರಿಗೆ ಮೇಯರ್ ಆದ.

ಮರುದಿನವೇ ಅವನ ಅಂಗಡಿ ಮುಂದೆ ಬೋರ್ಡು: 'ಮೇಯರ್ ಮಾರ್ಕಿನ ಕೋಲು'. ಗುಮಾಸ್ತೆ ಕೆಲಸ ಬೇಕಾದವರು, ಮಗಳಿಗೆ ಗಂಡು ಹುಡುಕೋರು, ಸುಮ್ನೆ ಗತ್ತು ತೋರಿಸೋರು, ಎಲ್ಲರೂ ಕೊಂಡ್ರು; ದರ್ಬಾರಷ್ಟೇ ಅಲ್ಲ, ಮನೆ-ಬೀದಿಯಲ್ಲೂ ಒಂಟಿಕಾಲಲ್ಲೇ ಓಡಾಡೋಕೆ ಶುರುಮಾಡಿದ್ರು. ಉಬ್ಬಣ್ಣನ ಹೆಂಡತಿ ಜೌಗಮ್ಮ ಮಾತ್ರ ಮುಟ್ಟಲಿಲ್ಲ.

"ರೀ, ನೀರಿಗಿಳಿದ ನನ್ನ ತಮ್ಮ ಇನ್ನೂ ಬಂದಿಲ್ಲ. ನಿಮ್ಮ ದೊರೆಗಳನ್ನ ಒಂದು ಮಾತು ಕೇಳಿ."

"ಅವರು ಧ್ಯಾನದಲ್ಲಿದಾರೆ ಕಣೆ."

"ಅವನೂ ಈಗ ಅವರ ಹೊಟ್ಟೆಯೊಳಗೆ ಧ್ಯಾನ ಮಾಡ್ತಿರ್ತಾನೆ ಬಿಡಿ."

ಉಬ್ಬಣ್ಣ ಸರ ಸರಿಮಾಡ್ಕೊಂಡ.

ಕೊನೆಗೆ ಕೆರೆಯಲ್ಲಿ ಕುಕ್ಕೋಕೆ ಏನೂ ಉಳಿಯದೆ ಕೊಕ್ಕರೆಗಳೇ ಹೊರಟವು. ಹಾರೋ ಮುಂಚೆ, "ನಿಮಗೆ ಸ್ವಾತಂತ್ರ್ಯ ಕೊಟ್ಟಿದೀವಿ, ಇಟ್ಕೊಳ್ಳಿ" ಅಂದವು.

ಉಬ್ಬಣ್ಣ ಉಗ್ರಾಣದ ಬಾಗಿಲು ತೆರೆದು ನೋಡಿದ. ಉಗ್ರಾಣದ ತುಂಬ ಕೋಲು. ಇನ್ಯಾವ ದರ್ಬಾರಿಗೆ ಮಾರೋದು? ಕುರ್ಚಿ ಗತಿ ಏನು? ಅಷ್ಟರಲ್ಲಿ ಊರೇ ಕುಂಟ್ಕೊಂಡು ಅಂಗಡಿ ಮುಂದೆ ಬಂತು.

"ಕೊಕ್ಕರೆ ಚೇಲಾ! ಇಳಿಯೋ ಕುರ್ಚಿಯಿಂದ! ಇನ್ಮೇಲೆ ನಾವು ನಾಲ್ಕೂ ಕಾಲೂರಿ ಬದುಕ್ತೀವಿ ಕಣಯ್ಯ!"

ಎಲ್ಲರೂ ಒಟ್ಟಿಗೇ ಕೋಲು ಬಿಸಾಕಿದರು. ಎಲ್ಲರೂ ಒಟ್ಟಿಗೇ ಬಿದ್ದರು. ವರ್ಷಾನುಗಟ್ಟಲೆ ಮಡಚಿಟ್ಟ ಕಾಲುಗಳು ಒಣಗಿ ಕಡ್ಡಿಯಾಗಿದ್ದವು.

ಉಬ್ಬಣ್ಣನಿಗೆ ಹೋದ ಜೀವ ಬಂತು. ಸರಾನ ಅಂಗಿಯೊಳಗೆ ತೂರಿಸ್ಕೊಂಡು, ಗಂಟಲು ಉಬ್ಬಿಸಿ ಹೇಳಿದ: "ಅಣ್ಣಂದಿರಾ, ಅಕ್ಕಂದಿರಾ! ಗುಲಾಮನಿಗೆ ಒಂದು ಕೋಲು ಸಾಕಿತ್ತು. ಸ್ವತಂತ್ರ ಪ್ರಜೆಗೆ ನಾಲ್ಕಾದ್ರೂ ಬೇಡ್ವಾ?"

ಬಿದ್ದಲ್ಲಿಂದಲೇ ಜೈಕಾರ ಎದ್ದಿತು. ಸಂಜೆಯೊಳಗೆ ಉಗ್ರಾಣ ಖಾಲಿ. ಊರೇ ಸೇರಿ ಉಬ್ಬಣ್ಣನನ್ನ ಮತ್ತೆ ಮೇಯರ್ ಮಾಡ್ತು.

"ಥೂ, ನಿಮ್ಮ ಮುಖಕ್ಕಿಷ್ಟು!" ಅಂದವಳೇ ಜೌಗಮ್ಮ ನಾಲ್ಕೂ ಕಾಲೂರಿ, ಚಂಗನೆ ನೆಗೆದು ಕೆರೆ ಕಡೆ ಹೋದಳು.

ಕೋಲು ಊರ್ಕೊಂಡು ನಿಂತ ಜನ ಲೊಚಗುಟ್ಟಿದರು: "ಪಾಪ, ಮೇಯರ ಹೆಂಡತಿ ನೋಡ್ರೀ. ಒಂದು ಕೋಲಿಗೂ ಗತಿಯಿಲ್ಲ."